ಜುಗೂಳಕ್ಕೆ ವೀಕ್ಷಕರು ಬಂದರು

(ಜುಗೂಳದ ಕಟ್ಟೆ. ಕೃಷ್ಣೆಯ ಆಚೆ ದಂಡೆಯಲ್ಲಿ ಮಹಾರಾಷ್ಟ್ರದ ಖಿದ್ರಾಪುರ, ಈಚೆ ಕಬ್ಬಿನ ಗದ್ದೆ. ಬೆಂಗಳೂರಿನ ವೀಕ್ಷಕರ ಅಂಗಿಯ ಇಸ್ತ್ರಿ ಇನ್ನೂ ಮುರಿದಿಲ್ಲ.)

ವೀಕ್ಷಕ: ಅಭ್ಯರ್ಥಿ ಯಾರಾಗಬೇಕು? ನಿರ್ಭೀತಿಯಿಂದ ಹೇಳಿ.

ಅಜ್ಜ: ಮೊದಲ ನಿಮ್ಮದು ಯಾವ ಪಕ್ಷ ಹೇಳ್ರಿ.

ವೀಕ್ಷಕ: ಶಾಲು ಕಾಣುತ್ತಿಲ್ಲವೇ?

ಅಜ್ಜ: ಶಾಲು ನಂಬಿ ಕೆಟ್ಟೇವ್ರಿ. 2018ರಾಗ ನಮ್ಮ ಕಾಗವಾಡಕ್ಕ ಶ್ರೀಮಂತ ಪಾಟೀಲರು ಕಾಂಗ್ರೆಸ್, ರಾಜು ಕಾಗೆ ಬಿಜೆಪಿ. 2019ರ ಉಪಚುನಾವಣ್ಯಾಗ ಪಾಟೀಲರು ಬಿಜೆಪಿ, ಕಾಗೆ ಕಾಂಗ್ರೆಸ್. ಎರಡೂ ಸಲ ಪಾಟೀಲರ ಗೆದ್ರು, 2023ರಾಗ ಕಾಗೆ. ಮಂದಿ ಅವರ, ಚಿಹ್ನೆ ಅಷ್ಟ ಅದಲಬದಲ. ನಮಗ ರಾಜ್ಯ ದಾಟಾಕ ಹೊಳಿ ದಾಟಬೇಕ್ರಿ, ಅವರಿಗೆ ಪಕ್ಷ ದಾಟಾಕ ಕಾಲೂ ತೋಯೂದಿಲ್ಲ.

ವೀಕ್ಷಕ: ಈ ಸಲ ನಿಷ್ಠಾವಂತರಿಗೇ ಆದ್ಯತೆ.

ಕಾರ್ಯಕರ್ತ: (ಧಡಕ್ಕನೆ ಎದ್ದು) ಹಂಗಾರ ನಾನ ರೀ!

ವೀಕ್ಷಕ: ಗೆಲ್ಲುವ ಶಕ್ತಿ?

ಕಾರ್ಯಕರ್ತ: ಖುರ್ಚಿ ಹಾಕೂ ಶಕ್ತಿ ಐತ್ರಿ.

ವೀಕ್ಷಕ: ಬರೆದುಕೊಂಡೆ. (ಪೆನ್ನಿನ ಮುಚ್ಚಳ ತೆಗೆದೇ ಇಲ್ಲ.)

ಅಜ್ಜ: ಬಾಜೂಕಿನ ಅಥಣ್ಯಾಗ 2023ಕ್ಕ ಲಕ್ಷ್ಮಣ ಸವದಿಯವರಿಗೆ ಬಿಜೆಪಿ ಟಿಕೆಟ್ ಕೊಡಲಿಲ್ಲ. ಕಾಂಗ್ರೆಸ್ಸಿಗೆ ಬಂದ್ರು, ಗೆದ್ರು. ಸೋತವರು ಮಹೇಶ ಕುಮಠಳ್ಳಿ. ಅವರೂ ಕಾಂಗ್ರೆಸ್ಸಿನಿಂದ ಹ್ವಾದವರ! ಅಲ್ಲೂ ವೀಕ್ಷಕರು ಬಂದಿದ್ರೇನ್ರಿ?

ವೀಕ್ಷಕ: (ಗಡಿಯಾರ ನೋಡಿ) ನಿಮ್ಮ ಅಭಿಪ್ರಾಯ ಹೈಕಮಾಂಡಿಗೆ ಮುಟ್ಟಿಸುತ್ತೇನೆ.

(ಕಾರು ಹೊರಡುತ್ತದೆ. ಕಾರ್ಯಕರ್ತ ಖುರ್ಚಿ ಎತ್ತಿಡುತ್ತಾನೆ.)

ಓದುಗರೇ, ಬಿ ಫಾರ್ಮಿಗೆ ಸಹಿ ಹಾಕುವ ಯಾರೂ ಆ ಕಟ್ಟೆಯ ಮೇಲೆ ಕೂತಿರಲಿಲ್ಲ.