ಚಕ್ಕುಲಿ ಒರಳಿನ ಇನ್‌ಸ್ಪೆಕ್ಟರು

ಸಾಫ್ಟ್‌ವೇರಿನಲ್ಲಿದ್ದೇನೆ ಅಂದರೆ ಬೆಂಗಳೂರಿನಲ್ಲಿ ಯಾರೂ ಮುಂದಕ್ಕೆ ಕೇಳುವುದಿಲ್ಲ. ಆದರೆ ನಮ್ಮ ಕೆಳಮನೆಯ ಮೇಷ್ಟ್ರು ಅಷ್ಟಕ್ಕೇ ಬಿಡುವ ಪೈಕಿಯಲ್ಲ. ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಹೊತ್ತು ಬೇಕಾದಷ್ಟಿದೆ. "ಸಾಫ್ಟ್‌ವೇರಿನಲ್ಲಿ ಏನು?" "ಟೆಸ್ಟಿಂಗ್, ಸಾರ್." "ಏನನ್ನ ಟೆಸ್ಟು ಮಾಡ್ತೀರಿ?" ಇಲ್ಲಿಗೆ ಬಂದರೆ ನನ್ನ ಗಂಟಲು ಒಣಗುತ್ತದೆ. ಪ್ರೋಗ್ರಾಮನ್ನು ಅಂದರೆ ಅರ್ಧ ಸುಳ್ಳು. ಪ್ರೋಗ್ರಾಮು ಬರೆಯುವ ಪ್ರೋಗ್ರಾಮನ್ನು ಅಂದರೆ ಪೂರ್ತಿ ನಿಜ, ಆದರೆ ಕೇಳಿದವರು ನನ್ನ ಮುಖ ನೋಡುವ ರೀತಿಯೇ ಬದಲಾಗುತ್ತದೆ.

ಕೊನೆಗೆ ಅವರ ಮನೆಯವರನ್ನೇ ಮೊರೆಹೊಕ್ಕೆ. "ಚಕ್ಕುಲಿ ಒರಳು ಇದೆಯಲ್ಲಮ್ಮಾ? ಹಿಟ್ಟು ಒಂದೇ. ಒಂದು ಬಿಲ್ಲೆ ಹಾಕಿದರೆ ಚಕ್ಕುಲಿ, ಇನ್ನೊಂದು ಹಾಕಿದರೆ ತೇಂಗೊಳಲು, ಸಣ್ಣ ತೂತಿನದು ಹಾಕಿದರೆ ಓಂಪುಡಿ. ನಮ್ಮಲ್ಲೂ ಹಾಗೇ. ಬಿಲ್ಲೆ ಬದಲಾದರೆ ಜಾವಾ, ಬಿಲ್ಲೆ ಬದಲಾದರೆ ಪೈಥಾನ್. ನಾನು ಒರಳು ನೋಡುವವನು." ಅವರು ಮೊರದಿಂದ ತಲೆಯೆತ್ತದೆ ಕೇಳಿದರು: "ಹಿಟ್ಟೇ ಸರಿಯಿಲ್ಲದಿದ್ರೆ ಒರಳೇನು ಮಾಡುತ್ತಪ್ಪ?" ನಮ್ಮ ಆಫೀಸಿನಲ್ಲಿ ಇದೇ ಪ್ರಶ್ನೆಯ ಮೇಲೆ ಗಂಟೆಗಟ್ಟಲೆ ಮೀಟಿಂಗು ನಡೆಯುತ್ತದೆ, ಬಿಸ್ಕತ್ತು ಸಮೇತ.

ಇಂಥ ಯಂತ್ರ ಯಾಕೆ ಬೇಕು ಅಂದರೆ, ದೊಡ್ಡ ಕಂಪನಿಗಳಲ್ಲಿ ಲೆಕ್ಕದವರು ಜಾವಾ ಅನ್ನುತ್ತಾರೆ, ಅಂಕಿಅಂಶದವರು ಪೈಥಾನ್ ಬಿಟ್ಟು ಬರುವುದಿಲ್ಲ, ಇನ್ನು ಕೆಲವರಿಗೆ ಗೋ ಒಂದೇ ಗತಿ. ಇವರೆಲ್ಲ ಒಬ್ಬರಿಗೊಬ್ಬರು ಮಾಹಿತಿ ಕಳಿಸಿಕೊಳ್ಳಬೇಕು. ಗೂಗಲ್ಲಿನ ಒಳಗೆ 2001ರ ಸುಮಾರಿಗೆ ಹುಟ್ಟಿ 2008ರಲ್ಲಿ ಲೋಕಾರ್ಪಣೆಯಾದ ಪ್ರೊಟೊಕಾಲ್ ಬಫರ್ಸ್ ಈ ವ್ಯಾಜ್ಯಕ್ಕೆ ಕಂಡುಕೊಂಡ ಪರಿಹಾರ. ಗ್ರಾಹಕನಿಗೆ ಒಂದು ಹೆಸರು, ಒಂದು ವಯಸ್ಸು, ಒಂದು ಖಾತೆ ಸಂಖ್ಯೆ ಎಂದು ಪುಟ್ಟ ಕಡತದಲ್ಲಿ ಬರೆದುಕೊಟ್ಟರೆ, ಪ್ರೊಟಾಕ್ ಎಂಬ ಯಂತ್ರ ಅದಕ್ಕೆ ತಕ್ಕ ಕೋಡನ್ನು ಬೇಕಾದ ಭಾಷೆಯಲ್ಲಿ ಬರೆದುಕೊಡುತ್ತದೆ. ಲೋಕಾರ್ಪಣೆಯ ಹೊತ್ತಿಗೆ ಕೊಟ್ಟದ್ದು ಸಿ ಪ್ಲಸ್ ಪ್ಲಸ್, ಜಾವಾ, ಪೈಥಾನ್ ಮೂರನ್ನೇ. ಆಮೇಲೆ ಪರಿವಾರ ಬೆಳೆಯಿತು. ಫೇಸ್‌ಬುಕ್ಕಿನವರು 2007ರಲ್ಲೇ ಥ್ರಿಫ್ಟ್ ಎಂಬ ಇಂಥದೇ ಯಂತ್ರವನ್ನು ಹೊರಬಿಟ್ಟಿದ್ದರು. ಅಲ್ಲಿನ ಪರೀಕ್ಷೆಯಲ್ಲಿ ಒಂದು ಭಾಷೆಯ ಕ್ಲೈಂಟು ಇನ್ನೊಂದು ಭಾಷೆಯ ಸರ್ವರಿನ ಜೊತೆ ಮಾತಾಡಬೇಕು. ಹತ್ತು ಭಾಷೆ ಅಂದುಕೊಳ್ಳಿ, ನೂರು ಜೋಡಿ. ಒಂದು ಭಾಷೆ ಹೊಸದಾಗಿ ಸೇರಿತೆಂದರೆ ಇಪ್ಪತ್ತೊಂದು ಜೋಡಿ ಹೆಚ್ಚಿತು. ಹೊಸ ಭಾಷೆ ಸೇರಿಸುತ್ತೇವೆ ಎಂದು ಯಾರಾದರೂ ಉತ್ಸಾಹದಿಂದ ಘೋಷಿಸಿದಾಗ ಚಪ್ಪಾಳೆ ತಟ್ಟದೆ ಕೂತವನು ಟೆಸ್ಟರ್ ಎಂದು ತಿಳಿಯಿರಿ.

ರಜಾ ಅರ್ಜಿಯ ಉದಾಹರಣೆ ಹೇಳುತ್ತೇನೆ. ಯಾವತ್ತಿನಿಂದ, ಯಾವತ್ತಿನವರೆಗೆ ಎಂಬುದಕ್ಕೆ 'ಫ್ರಮ್', 'ಟು' ಎಂದು ಎರಡು ಅಂಕಣ. ಇದಕ್ಕಿಂತ ಸಾಧು ಅರ್ಜಿ ಉಂಟೇ? ಆದರೆ 'ಫ್ರಮ್' ಪೈಥಾನಿನ ಪಿತ್ರಾರ್ಜಿತ ಆಸ್ತಿ, ಕಾಯ್ದಿರಿಸಿದ ಪದ. ಯಂತ್ರ ಕೋಡನ್ನೇನೋ ಮುಗುಳ್ನಗುತ್ತಲೇ ಬರೆದುಕೊಡುತ್ತದೆ. ನೀವು ಚುಕ್ಕೆಯಿಟ್ಟು ಆ ಅಂಕಣವನ್ನು ಮುಟ್ಟಹೋದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಎಂದು ಗುಡುಗುತ್ತದೆ. 'ಗೆಟ್‌ಆಟ್ರ್' ಎಂಬ ಹಿತ್ತಿಲ ಬಾಗಿಲಿನಿಂದ ಹೋಗಬೇಕು. ಗೋ ಭಾಷೆಗೆ ಈ ತಾಪತ್ರಯವಿಲ್ಲ, ಅಲ್ಲಿ ಅಂಕಣದ ಹೆಸರು ದೊಡ್ಡಕ್ಷರದಿಂದ ಶುರುವಾಗುತ್ತದೆ. ಇನ್ನು 'ಕ್ಲಾಸ್'. ಶಾಲೆಗೆ ಸಂಬಂಧಿಸಿದ ಯಾವ ಕಡತದಲ್ಲಿ ಕ್ಲಾಸು ಇರುವುದಿಲ್ಲ ಹೇಳಿ? ಸಿ ಪ್ಲಸ್ ಪ್ಲಸ್‌ಗೆ ಅದು ಕಾಯ್ದಿರಿಸಿದ ಪದ, ಹೆಸರಿನ ಹಿಂದೆ ಅಂಡರ್‌ಸ್ಕೋರಿನ ಬಾಲ ಬೀಳುತ್ತದೆ. ಜಾವಾದಲ್ಲಿ ಪ್ರತಿ ವಸ್ತುವಿಗೂ ಹುಟ್ಟಿನಿಂದಲೇ 'ಗೆಟ್‌ಕ್ಲಾಸ್' ಇರುವುದರಿಂದ ಅಲ್ಲೂ ಬಾಲ. ಆದ್ದರಿಂದ ನನ್ನಂಥವರ ಪರೀಕ್ಷಾ ಕಡತಗಳಲ್ಲಿ ಸಭ್ಯ ಹೆಸರುಗಳೇ ಇರುವುದಿಲ್ಲ. ಎಲ್ಲ ಭಾಷೆಗಳ ನಿಷಿದ್ಧ ಪದಗಳನ್ನೂ ಹೆಕ್ಕಿ ತಂದು ಒಂದೇ ಅರ್ಜಿಯಲ್ಲಿ ತುಂಬಿರುತ್ತೇವೆ.

ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಸುಲಭದ್ದು ಗೋಲ್ಡನ್ ಫೈಲು. ಒಮ್ಮೆ ಸರಿಯಾಗಿ ಬಂದ ಕೋಡನ್ನು ಎತ್ತಿಟ್ಟು, ಮುಂದೆ ಬಂದದ್ದನ್ನೆಲ್ಲ ಅದರ ಜೊತೆ ಅಕ್ಷರಕ್ಕಕ್ಷರ ಹೋಲಿಸುವುದು. ಕೇಳುವುದಕ್ಕೆ ಬಲು ಬಿಗಿ. ಆದರೆ ಯಾರೋ ಪುಣ್ಯಾತ್ಮರು ಕಾಮೆಂಟಿನಲ್ಲಿ ಒಂದು ಪೂರ್ಣವಿರಾಮ ಸೇರಿಸಿದರೆ ಸಾವಿರಾರು ಸಾಲು ಕೆಂಪಾಗುತ್ತವೆ. ಅಷ್ಟನ್ನೂ ಓದುವ ಮಹನೀಯರು ಇದ್ದಾರು, ನಾನು ಕಂಡಿಲ್ಲ. ಎಲ್ಲವನ್ನೂ ಒಮ್ಮೆಗೇ ಹೊಸದಾಗಿ ಬರೆದುಬಿಡುವ ಆಜ್ಞೆ ಒಂದಿರುತ್ತದೆ, ಅದನ್ನು ಒತ್ತಿ ಊಟಕ್ಕೆ ಹೋಗುವುದು ರೂಢಿ. ಆ ಸಾವಿರದ ಮಧ್ಯೆ ನಿಜವಾದ ದೋಷವೂ ಸದ್ದಿಲ್ಲದೆ ಚಿನ್ನವಾಗಿ ಒಳಸೇರುತ್ತದೆ. 2018ರಲ್ಲಿ ಸ್ವ್ಯಾಗರ್ ಕೋಡ್‌ಜೆನ್‌ನಿಂದ ಪಾಲಾಗಿ ಬೇರೆ ಮನೆ ಮಾಡಿದ ಓಪನ್ಎಪಿಐ ಜನರೇಟರ್ ಎಂಬ ಇನ್ನೊಂದು ಕೋಡು ಬರೆಯುವ ಯಂತ್ರದಲ್ಲಿ ಮಾದರಿ ಕಡತಗಳದೇ ದೊಡ್ಡ ಉಗ್ರಾಣವಿದೆ. ಭಾಷೆ ಭಾಷೆಗೂ ಒಂದೊಂದು ಪೆಟ್‌ಸ್ಟೋರ್, ಅಂದರೆ ಸಾಕುಪ್ರಾಣಿ ಅಂಗಡಿ, ಅದರೊಳಗೆ 'ಡಾಗಿ' ಎಂಬ ಹೆಸರಿನದೇ ನಾಯಿ. ಈ ಕಸುಬಿನಲ್ಲಿ ಎಷ್ಟು ಸಲ ಆ ನಾಯಿಯನ್ನು ಅಂಗಡಿಗೆ ಸೇರಿಸಿ, ವಿಚಾರಿಸಿ, ಅಳಿಸಿದ್ದೇನೋ! ನಮ್ಮ ಬೀದಿಯ ನಾಯಿಗೆ ಮಾತ್ರ ಇಂದಿಗೂ ನನ್ನ ಗುರುತಿಲ್ಲ.

ಕೋಡಿನ ಮುಖ ನೋಡುವ ಬದಲು ನಡತೆ ನೋಡಬೇಕು ಅನ್ನುವುದು ನನ್ನ ಪಕ್ಷ. ಪ್ರೊಟೊಕಾಲ್ ಬಫರ್ಸ್‌ನ ಕನ್‌ಫಾರ್ಮೆನ್ಸ್ ಪರೀಕ್ಷೆ ಮಾಡುವುದು ಅದನ್ನೇ. ಅಲ್ಲಿ ಪರೀಕ್ಷಕ ಪ್ರೋಗ್ರಾಮು ಒಂದೇ. ಪ್ರತಿ ಭಾಷೆಯವರೂ ಒಂದು ಚಿಕ್ಕ ಅಭ್ಯರ್ಥಿ ಪ್ರೋಗ್ರಾಮನ್ನು ಬರೆದು ಅದರ ಮುಂದೆ ಕೂರಿಸಬೇಕು. ಪರೀಕ್ಷಕ ಮೊದಲು ನಾಲ್ಕು ಬೈಟುಗಳಲ್ಲಿ ಉದ್ದ ಹೇಳಿ, ಆಮೇಲೆ ಪ್ರಶ್ನೆ ತಳ್ಳುತ್ತದೆ: ಈ ಬೈಟುಗಳನ್ನು ಓದಿ ಜೇಸನ್ ಎಂಬ ಪಠ್ಯರೂಪಕ್ಕೆ ತಿರುಗಿಸಿ ಕೊಡು. ಅಭ್ಯರ್ಥಿ ಅದೇ ಶಿಸ್ತಿನಲ್ಲಿ ಉತ್ತರಿಸಬೇಕು. ಸಂಭಾಷಣೆಯೆಲ್ಲ ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್ ಎಂಬ ಎರಡು ಕೊಳವೆಗಳಲ್ಲೇ. ನಮ್ಮಲ್ಲೊಬ್ಬ ಉತ್ಸಾಹಿ ಹುಡುಗ ತನ್ನ ಅಭ್ಯರ್ಥಿಯೊಳಗೆ 'ಇಲ್ಲಿಯವರೆಗೆ ಬಂತು' ಎಂದು ಮುದ್ರಿಸುವ ಒಂದು ಸಾಲು ಇಟ್ಟಿದ್ದ. ಪರೀಕ್ಷಕ ಆ ಮಾತಿನ ಮೊದಲ ನಾಲ್ಕು ಬೈಟನ್ನು ಉದ್ದವೆಂದು ಓದಿಕೊಂಡು, ಬರಲಾರದ ಬೃಹತ್ ಉತ್ತರಕ್ಕೆ ಕಾಯುತ್ತ ಕೂತಿತು. ಮಧ್ಯಾಹ್ನವೆಲ್ಲ ಕೂತಿತ್ತು. ನಾವೂ ಕೂತಿದ್ದೆವು.

ಪ್ರಶ್ನೆಗಳೂ ಒಳ್ಳೆ ಕಿಲಾಡಿಗಳು. ಜಾವಾಸ್ಕ್ರಿಪ್ಟಿನ ಮಾಮೂಲಿ ಸಂಖ್ಯೆ 9007199254740991ರವರೆಗೆ ಮಾತ್ರ ಪೂರ್ಣಾಂಕಗಳನ್ನು ನಂಬಿಕೆಯಿಂದ ಹಿಡಿದುಕೊಳ್ಳುತ್ತದೆ, ಅದರಾಚೆ ಕೊನೆಯ ಅಂಕೆ ಜಾರಬಹುದು. ಟ್ವಿಟರಿನವರು 2010ರಲ್ಲಿ ಟ್ವೀಟಿನ ಸಂಖ್ಯೆಯ ಜೊತೆಗೆ ಅದನ್ನೇ ಅಕ್ಷರರೂಪದಲ್ಲಿಯೂ ಕಳಿಸತೊಡಗಿದ್ದು ಈ ಭಯಕ್ಕೇ. ಪ್ರೊಟೊಕಾಲ್ ಬಫರ್ಸ್ ಕೂಡ 64 ಬಿಟ್ಟಿನ ಪೂರ್ಣಾಂಕಗಳನ್ನು ಜೇಸನ್ನಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಕೂರಿಸುತ್ತದೆ. ಸಣ್ಣ ಸಂಖ್ಯೆ ಹಾಕಿ ಪರೀಕ್ಷಿಸಿದರೆ ಎಲ್ಲ ಭಾಷೆಗಳೂ ಸತ್ಯಹರಿಶ್ಚಂದ್ರರೇ.

ಅಕ್ಷರಗಳದೂ ಇದೇ ಹಣೆಬರಹ. ಒಂದು ಹೆಸರು ಐದು ಅಕ್ಷರ ಮೀರಬಾರದು ಎಂಬ ನಿಯಮ ಹಾಕಿ, 'ಕನ್ನಡ' ಎಂದು ಕೊಟ್ಟು ನೋಡಿ. ಪೈಥಾನ್ ಐದು ಎಂದು ಎಣಿಸುತ್ತದೆ: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ಪಾಸು. ಗೋ ಭಾಷೆಯ 'ಲೆನ್' ಬೈಟುಗಳನ್ನು ಎಣಿಸಿ ಹದಿನೈದು ಅನ್ನುತ್ತದೆ. ಫೇಲು. ಯೂನಿಕೋಡ್ ಸಂಕೇತಗಳನ್ನು ಎಣಿಸಬೇಕೆಂದು ಗೋ ಬಿಲ್ಲೆಗೆ ಬೇರೆಯಾಗಿ ಹೇಳಿಕೊಡಬೇಕು. ಮೇಷ್ಟ್ರನ್ನು ಕೇಳಿದೆ. ಅವರು ಬೆರಳು ಮಡಿಸಿ "ಮೂರು" ಎಂದರು, ಇದಕ್ಕೂ ಸಂಬಳ ಕೊಡುತ್ತಾರಾ ಎಂಬ ಧಾಟಿಯಲ್ಲಿ. ಇಂಗ್ಲಿಷ್ ಹೆಸರು ಹಾಕಿದ್ದರೆ ಈ ಜಗಳವೇ ಹೊರಗೆ ಬರುತ್ತಿರಲಿಲ್ಲ. ಹಾಗಾಗಿ ನನ್ನ ಪರೀಕ್ಷೆಗಳಲ್ಲಿ ಕನ್ನಡ ಇರುವುದು ಅಭಿಮಾನಕ್ಕಿಂತ ಹೆಚ್ಚಾಗಿ ಕಿಡಿಗೇಡಿತನದಿಂದ.

ಇಷ್ಟೆಲ್ಲ ಆದಮೇಲೂ ಫೇಲಾಗುವವು ಫೇಲಾಗುತ್ತಲೇ ಇರುತ್ತವೆ. ಅವನ್ನು ಕನ್‌ಫಾರ್ಮೆನ್ಸಿನವರು ಮುಚ್ಚಿಡುವುದಿಲ್ಲ, ಅದು ನನಗೆ ಬಹಳ ಹಿಡಿಸಿದ ಗುಣ. ಭಾಷೆ ಭಾಷೆಗೂ ಒಂದು ಫೇಲ್ಯೂರ್ ಲಿಸ್ಟ್ ಇಟ್ಟಿದ್ದಾರೆ: ಇಂಥಿಂಥ ಪರೀಕ್ಷೆಯಲ್ಲಿ ನಮ್ಮ ಹುಡುಗ ನಪಾಸಾಗುತ್ತಾನೆ, ಗೊತ್ತಿದೆ, ಗಲಾಟೆ ಬೇಡ ಎಂದು. ಪಟ್ಟಿಯಲ್ಲಿಲ್ಲದ್ದು ಬಿದ್ದರೆ ಕೆಂಪು. ಪಟ್ಟಿಯಲ್ಲಿ ಹೆಸರಿದ್ದು ಅಂಥ ಪರೀಕ್ಷೆಯೇ ಇಲ್ಲವಾದರೂ ಕೆಂಪು. ಇನ್ನು ಪಟ್ಟಿಯಲ್ಲಿದ್ದದ್ದು ಯಾರೂ ಎಣಿಸದೆ ಪಾಸಾಗಿಬಿಟ್ಟರೆ, ಶಹಬ್ಬಾಸ್ ಅನ್ನುವುದಿಲ್ಲ. ಫೇಲಾಗಬೇಕಿದ್ದದ್ದು ಪಾಸಾಗಿದೆ, ಪಟ್ಟಿಯಿಂದ ತೆಗೆಯಿರಿ ಎಂದು ಎಚ್ಚರಿಕೆ ಬರುತ್ತದೆ.