ಕಂಪ್ರೆಷನ್ ಮೀಮಾಂಸೆ

ಯಥಾರ್ಥಜ್ಞಾನಕ್ಕೆ ನಮ್ಮ ಪೂರ್ವಿಕರು ಆರು ಪ್ರಮಾಣಗಳನ್ನು ಹೇಳಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ ಮತ್ತು ಅನುಪಲಬ್ಧಿ. ಈ ಆರನ್ನೂ ಒಂದೇ ವಸ್ತುವಿನ ಮೇಲೆ ಏಕಕಾಲದಲ್ಲಿ ಪ್ರಯೋಗಿಸತಕ್ಕ ಸಂದರ್ಭವು ಕಾಶಿಯ ಪಂಡಿತಸಭೆಯಲ್ಲಿಯೂ ದುರ್ಲಭವೇ ಸರಿ, ಆದರೆ ಹೆಡ್ ಫೇಸಿಂಗ್ ಮಾಡಿಸಿದ ಹಳೆಯ ಜಾವಾ ಮೋಟಾರ್ ಸೈಕಲ್ಲೊಂದನ್ನು ಮೈಸೂರಿನ ಯಾವುದಾದರೊಂದು ಗ್ಯಾರೇಜಿನ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, "ಇದರ ಕಂಪ್ರೆಷನ್ ಎಷ್ಟಾಯಿತಪ್ಪ?" ಎಂದು ಕೇಳಿದಲ್ಲಿ, ಅರೆಗಳಿಗೆಯೊಳಗೆ ಆರೂ ಪ್ರಮಾಣಗಳು ರಸ್ತೆಗೆ ಇಳಿದುಬರುತ್ತವೆ. ಈ ಗಾಡಿ 1961ರಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಮೊದಲು ಜಾವಾ ಎಂತಲೂ ತರುವಾಯ ಯೆಜ್ಡಿ ಎಂತಲೂ ತಯಾರಾಗುತ್ತಿದ್ದು, 1996ರಲ್ಲಿ ಆ ಕಾರ್ಖಾನೆ ಮುಚ್ಚಿದ ಮೇಲೆ ಸಂಪೂರ್ಣವಾಗಿ ಭಾಷ್ಯಕಾರರ ವಶಕ್ಕೆ ಬಂದಿರುವುದರಿಂದ, ಮೂಲಗ್ರಂಥಕ್ಕಿಂತ ವ್ಯಾಖ್ಯಾನಗಳೇ ಹೆಚ್ಚಾಗಿರುವುದು ಆಶ್ಚರ್ಯವಲ್ಲ.

ಪ್ರತ್ಯಕ್ಷವಾದಿಯು ಒಮ್ಮೆ ಕಿಕ್ ಹೊಡೆದು, "ಜೋರಾಗಿದೆ ಸಾರ್" ಎನ್ನುತ್ತಾನೆ. ಅನುಮಾನವಾದಿಯು, ಪರ್ವತದಲ್ಲಿ ಹೊಗೆಯಿರುವುದರಿಂದ ಬೆಂಕಿಯಿದೆ ಎಂಬ ನ್ಯಾಯಶಾಸ್ತ್ರದ ಉದಾಹರಣೆಯು ಟೂ ಸ್ಟ್ರೋಕ್ ಎಂಜಿನ್ನಿಗಾಗಿಯೇ ಹುಟ್ಟಿದ್ದೆಂದು ಭ್ರಮಿಸಿ, ಹೊಗೆಯಿಂದಲೇ ಎಲ್ಲವನ್ನೂ ಊಹಿಸುತ್ತಾನೆ. ಆ ಹೊಗೆಯಿಂದ ಸಿದ್ಧವಾಗುವುದು ಪೆಟ್ರೋಲಿಗೆ ಆಯಿಲ್ ಹೆಚ್ಚು ಬಿದ್ದಿದೆ ಎಂಬುದು ಮಾತ್ರ. ಉಪಮಾನವಾದಿಗೆ ಯಾವಾಗಲೂ ಒಬ್ಬ ಭಾವಮೈದುನನಿದ್ದು, ಆತನ ಯೆಜ್ಡಿ ಚಾಮುಂಡಿಬೆಟ್ಟವನ್ನು ಟಾಪ್ ಗೇರಿನಲ್ಲೇ ಹತ್ತಿರುತ್ತದೆ. ಶಬ್ದವಾದಿಯು ಸೈಲೆನ್ಸರಿಗೆ ಕಿವಿಗೊಟ್ಟು ತಲೆದೂಗುತ್ತಾನೆ. ಸಿಲಿಂಡರು ಒಂದೇ ಆಗಿದ್ದು ಸೈಲೆನ್ಸರುಗಳು ಎರಡಿರುವುದರ ಮರ್ಮವನ್ನು ಮಾತ್ರ ನಾನು ದ್ವೈತಾದ್ವೈತದ ವಿದ್ವಾಂಸರಿಗೇ ಬಿಡುತ್ತೇನೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಆದಕಾರಣ ರಾತ್ರಿ ಉಣ್ಣುತ್ತಾನೆ ಎಂಬುದು ಅರ್ಥಾಪತ್ತಿ. ಮನೆಯಲ್ಲೇ ನಿಂತ ಗಾಡಿಯ ಪೆಟ್ರೋಲ್ ಖಾಲಿಯಾಗಿದೆ, ಆದಕಾರಣ ಮಗ ರಾತ್ರಿ ಓಡಿಸುತ್ತಾನೆ ಎಂದು ಅದನ್ನು ನಾನು ಸ್ವತಃ ಸಾಧಿಸಿದ್ದುಂಟು. ಇನ್ನು ಅನುಪಲಬ್ಧಿ: ಕಂಪ್ರೆಷನ್ನನ್ನು ಎಷ್ಟು ಹುಡುಕಿದರೂ ಸಿಕ್ಕದಿರುವುದು. ರಿಂಗ್ ಸವೆದ ಗಾಡಿಗಳಿಗೆ ಇದೊಂದೇ ಪ್ರಮಾಣ.

ಇಷ್ಟು ಪ್ರಮಾಣಗಳ ನಡುವೆ ಯಾರ ಗಮನಕ್ಕೂ ಬಾರದೆ ಮೂಲೆಯಲ್ಲಿ ಕುಳಿತಿರುವುದು ಭಾಗಾಕಾರ. ಈ ಎಂಜಿನ್ನಿನ ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75; ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಸಂಚರಿಸುವ ಜಾಗ ಸುಮಾರು 248.5 ಸಿ.ಸಿ. ಪಿಸ್ಟನ್ ಮೇಲಿನ ತುದಿಗೆ ಬಂದಾಗ ಹೆಡ್ಡಿನೊಳಗೆ ಉಳಿಯುವ ಜಾಗವು ನನ್ನ ಗಾಡಿಯಲ್ಲಿ 35.5 ಸಿ.ಸಿ. ಎಂದು ಅಳೆದು ಕಂಡುಕೊಂಡಿದ್ದೆ. ಪೂರ್ವಪಕ್ಷದವರು ಮೊದಲಿನದನ್ನು ಎರಡನೆಯದರಿಂದ ಭಾಗಿಸಿ 7 ಎಂದು ಸಂತೋಷಪಡುತ್ತಾರೆ. ಇದು ಸಲ್ಲದು. ಹತ್ತು ಮಂದಿ ಹೊಳೆ ದಾಟಿ, ಎಣಿಸುವವನು ತನ್ನನ್ನೇ ಬಿಟ್ಟು ಒಂಬತ್ತೆಂದು ಅತ್ತ ವೇದಾಂತದ ಕಥೆಯಲ್ಲಿ ಕಳೆದುಹೋದ ಹತ್ತನೆಯವನು ಯಾರೋ, ಅವನೇ ಇಲ್ಲಿ ಹೆಡ್ಡಿನೊಳಗಣ ಜಾಗ. ಹಿಂಡಲ್ಪಡುವ ಗಾಳಿ ಮೊದಲಿದ್ದದ್ದು ಎರಡೂ ಕಡೆ ಸೇರಿ 284 ಸಿ.ಸಿ.ಯಲ್ಲಿ, ಅದನ್ನು 35.5ರಿಂದ ಭಾಗಿಸಿದರೆ 8. ಹತ್ತನೆಯವನನ್ನು ಮರೆತವರಿಗೆ ಯಾವ ಎಂಜಿನ್ನಿನಲ್ಲಾದರೂ ಸರಿಯಾಗಿ ಒಂದೇ ಕಡಮೆ ಬರುತ್ತದೆ. ತಪ್ಪಿಗೂ ಇಷ್ಟು ನಿಷ್ಠೆಯಿರುವುದು ಅಪರೂಪ.

ಸಿದ್ಧಾಂತ ಇಲ್ಲಿಗೆ ನಿಲ್ಲುವುದಿಲ್ಲ. ಟೂ ಸ್ಟ್ರೋಕಿನಲ್ಲಿ ಎಕ್ಸಾಸ್ಟ್ ಪೋರ್ಟ್ ಮುಚ್ಚುವ ತನಕ ಪಿಸ್ಟನ್ ಏನನ್ನೂ ಹಿಂಡುವುದಿಲ್ಲ, ಹೊರಗೆ ದಬ್ಬುತ್ತದೆ ಅಷ್ಟೆ ಎಂಬುದು ಜಪಾನೀಯರ ಪಕ್ಷ. ಅವರು ಪೋರ್ಟ್ ಮುಚ್ಚಿದ ಮೇಲಿನದನ್ನೇ ಲೆಕ್ಕ ಹಿಡಿಯುತ್ತಾರೆ. ಸ್ಟ್ರೋಕಿನ ಕೆಳಗಿನ ಮೂರನೆಯ ಒಂದು ಪಾಲು ಹೀಗೆ ವ್ಯರ್ಥವೆಂದು ಹಿಡಿದರೆ ನನ್ನ 8 ಎಂಬುದು 5.7ಕ್ಕೆ ಇಳಿಯುತ್ತದೆ. ಗಾಡಿಯಲ್ಲಿ ಒಂದು ಬೋಲ್ಟೂ ಅಲುಗಿರುವುದಿಲ್ಲ. ಆದುದರಿಂದ ಯಮಹಾದ ಅಂಕಿಯನ್ನು ಜಾವಾದ ಅಂಕಿಯ ಪಕ್ಕದಲ್ಲಿಟ್ಟು ಜಗಳವಾಡತಕ್ಕವರು ಮೊದಲು ಯಾವ ಸಂಪ್ರದಾಯದವರೆಂದು ಪರಸ್ಪರ ವಿಚಾರಿಸಿಕೊಳ್ಳುವುದು ಉಚಿತ.

ಪ್ರಕೃತಕ್ಕೆ ಬರೋಣ. ಹೆಡ್ಡನ್ನು ಲೇತಿಗೆ ಕಟ್ಟಿ ಒಂದು ಮಿಲಿಮೀಟರ್ ಇಳಿಸಿದರೆ, ಬಾಯಿಯ ಅಗಲವು ಬೋರಿನಷ್ಟೇ ಇದ್ದ ಪಕ್ಷದಲ್ಲಿ, 3.3 ಸಿ.ಸಿ. ಹೋಗುತ್ತದೆ; 8 ಇದ್ದದ್ದು 8.7 ಆಗುತ್ತದೆ. ಇನ್ನೂ ಒಂದು ಇಳಿಸಿದರೆ 9.6. ಮೊದಲ ಮಿಲಿಮೀಟರಿಗಿಂತ ಎರಡನೆಯದರ ಫಲ ಹೆಚ್ಚು. ಜೂಜಿನ ಕಟ್ಟೆಯಂತೆ ಇದು ಮನುಷ್ಯನನ್ನು ಹಿಡಿದು ಕೂರಿಸುವುದು ಇಲ್ಲಿಯೇ. ಆದರೆ ಆಟೊ ಚಕ್ರದ ಸೂತ್ರವು ಕಾಗದದ ಮೇಲೆ ಕೊಡುವ ದಕ್ಷತೆ ಆ ಮೊದಲ ಮಿಲಿಮೀಟರಿಗೆ ನೂರಕ್ಕೆ 56.5ರಿಂದ 57.9ಕ್ಕೆ ಮಾತ್ರ ಏರುತ್ತದೆ, ರಸ್ತೆಯ ಮೇಲೆ ಅದರ ಅರ್ಧವೂ ಸಿಗದು. ಅತ್ತ ಪೆಟ್ರೋಲ್ ತನ್ನ ತಾಳ್ಮೆ ಕಳೆದುಕೊಂಡು, ಕಿಡಿಯಿಂದ ಹೊತ್ತಿದ ಜ್ವಾಲೆ ತಲಪುವ ಮುನ್ನವೇ ಮೂಲೆಯಲ್ಲಿ ತಾನಾಗಿ ಸಿಡಿದು ಟಣಟಣ ಎನ್ನತೊಡಗುತ್ತದೆ. ಯಾವ ಇಂಧನ ಎಷ್ಟು ಒತ್ತಡದವರೆಗೆ ಸಹಿಸುತ್ತದೆಂದು ತಿಳಿಯಲು ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ 1919ರ ಸುಮಾರಿಗೆ, ಓಡುತ್ತಿರುವಾಗಲೇ ಕಂಪ್ರೆಷನ್ ಬದಲಿಸಬಹುದಾದ ಎಂಜಿನ್ನೊಂದನ್ನು ಕಟ್ಟಿದರು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲೀ ಪೆಟ್ರೋಲಿಗೆ ಸೀಸ ಬೆರೆಸಿ ಆ ಟಣಟಣವನ್ನು ಅಡಗಿಸಿ, ಜಗತ್ತಿನ ಗಾಳಿಗೆ ವಿಷವಿಕ್ಕಿದರು. ನಮ್ಮಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ.

ನಾನು ಇಷ್ಟನ್ನೂ ಬಲ್ಲವನಾಗಿಯೂ ಹೆಡ್ಡನ್ನು ಲೇತಿಗೆ ಕೊಟ್ಟೆ. ಜಾವಾದಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ ಕಬ್ಬಿಣ. ಪಾಯಿಂಟ್ ಸೆಟ್ಟಿಂಗ್ ತುಸು ಮುಂದಾಗಿದ್ದುದರಿಂದ ಆ ಲಿವರು ಮೊದಲ ದಿನವೇ ಹಿಂದಿರುಗಿ ನನ್ನ ಮೊಣಕಾಲ ಕೆಳಗೆ ಹೊಡೆದು, ಮೇಲೆ ಹೇಳಿದ ಪ್ರತ್ಯಕ್ಷಪ್ರಮಾಣದ ವಿಷಯದಲ್ಲಿ ನನಗಿದ್ದ ತಾತ್ಸಾರವನ್ನು ಕಳೆಯಿತು. ಬೆಟ್ಟದ ಏರಿನಲ್ಲಿ ಟಣಟಣ ಕೇಳಿಸಿತು. ಮೆಕ್ಯಾನಿಕ್ಕು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನೂ ಯೋಚನೆ ಮಾಡಬೇಡಿ ಸಾರ್" ಎಂದು, ಒಂದು ಮಿಲಿಮೀಟರ್ ದಪ್ಪದ ತಾಮ್ರದ ಗ್ಯಾಸ್ಕೆಟ್ಟೊಂದನ್ನು ಇದ್ದದ್ದರ ಮೇಲೆಯೇ ಕೂರಿಸಿ ಹೆಡ್ ಬಿಗಿದ. ಟಣಟಣ ನಿಂತಿತು. ಆ ಸಂಜೆ ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಪ್ಲಗ್ಗಿನ ರಂಧ್ರ ನೆಟ್ಟಗಾಗುವಂತೆ ಗಾಡಿಯನ್ನು ಗೋಡೆಗೆ ಒರಗಿಸಿ, ಮೆಡಿಕಲ್ ಶಾಪಿನ 10 ಮಿಲಿಲೀಟರಿನ ಸಿರಿಂಜಿನಿಂದ ತೆಳು ಎಣ್ಣೆ ಬಿಟ್ಟು ಅಳೆದೆ. ಮೂರು ಸಿರಿಂಜು ತುಂಬ, ನಾಲ್ಕನೆಯದರಲ್ಲಿ ಐದೂವರೆ ಗೆರೆ. ಲೇತಿನವನ ಕೂಲಿಯನ್ನೂ ಗ್ಯಾಸ್ಕೆಟ್ಟಿನ ಕ್ರಯವನ್ನೂ ಅದೇ ದಿನ ಸಲ್ಲಿಸಿದ್ದೇನೆ.