ನೆಂಟರಿಗಾಗಿ ನಾಲ್ಕು ಟೈರು

ಬೇ ಏರಿಯಾದ ಕನ್ನಡಿಗರ ಮನೆಗೆ ಊರಿನಿಂದ ಹಿರಿಯರು ಬಂದರೆ ಅವರಿಗೆ ತೋರಿಸಲೇಬೇಕಾದ ಕೆಲವು ಸ್ಥಳಗಳಿವೆ: ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ, ಕಾಸ್ಟ್‌ಕೋ. ಚಳಿಗಾಲದಲ್ಲಿ ಬಂದರೆ ಈ ಪಟ್ಟಿಗೆ ಹಿಮವೂ ಸೇರುತ್ತದೆ. ಹಿಮ ನಮ್ಮ ಫ್ರೀಮಾಂಟಿನಲ್ಲಿ ಬೀಳುವುದಿಲ್ಲ. ಇನ್ನೂರು ಮೈಲಿ ದೂರದ ಲೇಕ್ ಟಾಹೋಗೆ ನಾವೇ ಹುಡುಕಿಕೊಂಡು ಹೋಗಬೇಕು. ‘ಅಮೆರಿಕಕ್ಕೆ ಹೋಗಿ ಹಿಮ ಮುಟ್ಟದೆ ಬಂದ್ರಾ?’ ಎಂದು ಚಿಕ್ಕಮಗಳೂರಿನ ಮದುವೆಮನೆಯಲ್ಲಿ ಯಾರಾದರೂ ಕೇಳಿಬಿಟ್ಟರೆ ಮರ್ಯಾದೆ ಹೋಗುವುದು ಅವರದಲ್ಲ, ಇಲ್ಲಿರುವ ಮಗನದು.

ಆ ಮಗ ನನ್ನ ಗಂಡ. ಅತ್ತೆ ಮಾವ ನವೆಂಬರಿಗೆ ಬರುತ್ತಾರೆಂದು ಟಿಕೆಟ್ ಆದ ದಿನವೇ ಇವರು ಟೈರ್ ಹುಡುಕಲು ಕೂತರು. ವರ್ಷವಿಡೀ ಶಾಲೆ, ಆಫೀಸು, ಇಂಡಿಯನ್ ಅಂಗಡಿ ಎಂದು ಸಪಾಟು ರಸ್ತೆಯಲ್ಲಿ ಓಡಾಡುವ ವಿದ್ಯುತ್ ಕಾರಿಗೆ, ಎರಡು ದಿನದ ಹಿಮಕ್ಕೋಸ್ಕರ ಸಾವಿರ ಡಾಲರ್ ಮೀರಿದ ಟೈರು! ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಮನೆಯಲ್ಲಿ ನಮಗಾಗಿ ಕೊಂಡ ಸಾಮಾನು ಕಡಿಮೆ. ದೊಡ್ಡ ಕುಕ್ಕರ್ ಇರುವುದು ಸತ್ಯನಾರಾಯಣ ಪೂಜೆಗೆ ಬರುವವರಿಗೆ. ಎಳೆದರೆ ಹಾಸಿಗೆಯಾಗುವ ಸೋಫಾ ನ್ಯೂಜೆರ್ಸಿಯ ಭಾವನಿಗೆ. ಆ ಸೋಫಾದ ಮೇಲೆ ಕೂತರೆ ನಮ್ಮ ಸೊಂಟ ನೋಯುತ್ತದೆ, ಆದರೆ ವರ್ಷಕ್ಕೆ ಮೂರು ರಾತ್ರಿ ಭಾವನ ಸೊಂಟ ಚೆನ್ನಾಗಿರುತ್ತದೆ. ಟೈರೂ ಇದೇ ಧರ್ಮಕ್ಕೆ ಸೇರಿತು, ಅಷ್ಟೆ.

ಆದರೂ ಇವರ ಕಷ್ಟ ನಿಜವಾದ ಕಷ್ಟವೇ. ಬೇಸಿಗೆ ಟೈರಿನ ರಬ್ಬರು ಏಳು ಡಿಗ್ರಿ ಸೆಲ್ಸಿಯಸ್ಸಿಗಿಂತ ಚಳಿಯಾದರೆ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಿಮದ ಟೈರು ಚಳಿಯಲ್ಲೂ ಮೆತ್ತಗಿರುತ್ತದೆ, ಆದರೆ ಫ್ರೀಮಾಂಟಿನ ಬಿಸಿಲಲ್ಲಿ ಬೇಗ ಸವೆಯುತ್ತದೆ. ಎರಡು ಸೆಟ್ ಇಟ್ಟುಕೊಂಡು ವರ್ಷಕ್ಕೆರಡು ಸಲ ಬದಲಾಯಿಸೋಣವೆಂದರೆ ಗ್ಯಾರೇಜಿನಲ್ಲಿ ಸೋನಾ ಮಸೂರಿ ಮೂಟೆಗಳಿವೆ. ಉಳಿದದ್ದು ಆಲ್ ಸೀಸನ್: ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡು ಹೋಗುವ ಟೈರು. ಅದರಲ್ಲೂ ಎರಡು ಜಾತಿ. ಒಂದರ ಪಕ್ಕೆಯಲ್ಲಿ ‘ಎಂ ಪ್ಲಸ್ ಎಸ್’, ಅಂದರೆ ಕೆಸರು ಮತ್ತು ಹಿಮ ಎಂದು ಬರೆದಿರುತ್ತದೆ. ಅದಕ್ಕೆ ಬಟನ್ನಿನ, ಅಂದರೆ ಟೈರಿನ ಮೇಲಿನ ಉಬ್ಬುಗಳ, ಆಕಾರ ಸರಿಯಿದ್ದರೆ ಸಾಕು, ಹಿಮದ ಮೇಲೆ ಓಡಿಸಿ ನೋಡಿರಬೇಕೆಂದೇನಿಲ್ಲ. ಇನ್ನೊಂದರ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹರಳಿನ ಚಿತ್ರವಿರುತ್ತದೆ. ಅದು ಪರೀಕ್ಷೆ ಬರೆದು ಪಾಸಾದದ್ದು. ಇವರು ಆ ಪರೀಕ್ಷೆಯನ್ನೂ ಬಗೆದು ನೋಡಿ ಮಧ್ಯರಾತ್ರಿ ನನ್ನನ್ನು ಎಬ್ಬಿಸಿದರು. ಇಲ್ಲಿ ನಡೆಸುವ ಪರೀಕ್ಷೆಯಲ್ಲಿ ಗಟ್ಟಿಯಾದ ಹಿಮದ ಮೇಲೆ ಟೈರು ಎಷ್ಟು ಚೆನ್ನಾಗಿ ಹೊರಡುತ್ತದೆಂದು ಅಳೆಯುತ್ತಾರಂತೆ, ನಿಲ್ಲುವುದನ್ನಲ್ಲ. ‘ನಿಮ್ಮ ಮಗಳ ಹಾಗೇ’ ಎಂದು ನಾನು ಮಗ್ಗುಲು ಬದಲಿಸಿದೆ.

ಇದರ ಮೇಲೆ ವಿದ್ಯುತ್ ಕಾರಿನ ರಗಳೆ ಬೇರೆ. ಬ್ಯಾಟರಿಯಿಂದಾಗಿ ಕಾರು ಎರಡು ಟನ್ ತೂಗುತ್ತದೆ. ಕಾಲಿಟ್ಟ ಕೂಡಲೇ ಪೂರ್ತಿ ಶಕ್ತಿ ಚಕ್ರಕ್ಕೆ ಹೋಗುವುದರಿಂದ ಟೈರು ಬೇಗ ಬೋಳಾಗುತ್ತದೆ. ಭಾರ ಹೊರುವ ಟೈರೇ ಬೇಕು, ಸದ್ದು ಮಾಡಬಾರದು, ಚಾರ್ಜ್ ತಿನ್ನಬಾರದು. ಹಿಮವನ್ನು ಚೆನ್ನಾಗಿ ಹಿಡಿಯುವ ಟೈರು ಸಾಮಾನ್ಯವಾಗಿ ಚಾರ್ಜನ್ನೂ ಚೆನ್ನಾಗಿ ತಿನ್ನುತ್ತದೆ. ಇವರ ಎಕ್ಸೆಲ್ ಹಾಳೆಯಲ್ಲಿ ಒಂದು ಕಡೆ ಹಸಿರಾದರೆ ಇನ್ನೊಂದು ಕಡೆ ಕೆಂಪಾಗುತ್ತಿತ್ತು. ನನ್ನನ್ನು ನೋಡಲು ಬರುವಾಗ ಇವರು ಇಷ್ಟು ಲೆಕ್ಕ ಹಾಕಿರಲಿಲ್ಲ; ಉಪ್ಪಿಟ್ಟು ತಿಂದು ಒಪ್ಪಿಕೊಂಡಿದ್ದರು.

ಮಾವ ಬಂದರು. ಅವರು ಕೆಎಸ್ಆರ್‌ಟಿಸಿ ಡಿಪೋದಲ್ಲಿ ಟೈರ್ ವಿಭಾಗ ನೋಡಿಕೊಳ್ಳುತ್ತಿದ್ದವರು. ಚಾರ್ಮಾಡಿ ಘಾಟಿಯ ಮಳೆಗಾಲಕ್ಕೆ ಬಸ್ಸು ಸಜ್ಜು ಮಾಡಿದ ಕೈ. ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಚಕ್ರದ ಬಟನ್ ನಡುವೆ ಹೆಬ್ಬೆರಳಿನ ಉಗುರಿಟ್ಟು ಹೇಳಿದರು: ‘ಲೋ, ಇದು ರೀಟ್ರೆಡ್ಡಿಗೆ ಬಂದಿದೆ.’

‘ಇಲ್ಲಿ ಕಾರಿಗೆ ಅದೆಲ್ಲ ಮಾಡಿಸಲ್ಲ ಅಪ್ಪ.’

‘ಸ್ಟೆಪ್ನಿ ಎಲ್ಲಿ?’

‘ಈ ಕಾರಿಗೆ ಸ್ಟೆಪ್ನಿ ಇಲ್ಲ.’

ಮಾವ ಮಗನ ಮುಖವನ್ನು ನೋಡಿದ ರೀತಿಯಲ್ಲೇ, ಇವರು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಕಡಿಮೆ ಅಂಕ ತೆಗೆದ ದಿನ ಹೇಗೆ ನೋಡಿದ್ದಿರಬಹುದೆಂದು ನನಗೆ ಗೊತ್ತಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಹಿಮದ ಟೈರೆಂದು ಒಪ್ಪಬೇಕಾದರೆ ಬಟನ್ ಕನಿಷ್ಠ ಒಂದು ಇಂಚಿನ 32ರಲ್ಲಿ 6 ಭಾಗ ಆಳ ಇರಬೇಕು. ಅಳೆಯಲು ಸುಲಭೋಪಾಯವಿದೆ: ಒಂದು ಸೆಂಟಿನ ನಾಣ್ಯವನ್ನು ತಲೆಕೆಳಗಾಗಿ ಇಟ್ಟಾಗ ಹಿಂಬದಿಯ ಲಿಂಕನ್ ಸ್ಮಾರಕದ ಚಾವಣಿ ಬಟನ್ ಒಳಗೆ ಮುಚ್ಚಿಹೋಗಬೇಕು. ಆ ಸ್ಮಾರಕ ಇರುವುದು 2008ರವರೆಗಿನ ನಾಣ್ಯದಲ್ಲಿ ಮಾತ್ರ. ಮಗಳ ಹುಂಡಿ ಬೋರಲು ಹಾಕಿ ಅಪ್ಪ ಮಗ ಇಬ್ಬರೂ ನೆಲದ ಮೇಲೆ ಕೂತು ಇಸವಿ ಓದಿದರು. ಸ್ಮಾರಕ ಮುಚ್ಚಲಿಲ್ಲ. ಮಾವನ ಉಗುರು ಮೊದಲೇ ಹೇಳಿದ್ದ ಮಾತಿಗೆ ಲಿಂಕನ್ನನ ಸಹಿಯೂ ಬಿತ್ತು. ಆ ಶನಿವಾರವೇ ಕಾಸ್ಟ್‌ಕೋದಲ್ಲಿ ಬೆಟ್ಟದ ಚಿತ್ರದ ಟೈರು ಬಂತು. ಮಾವ ಕಿಟಕಿಯ ಗಾಜಿಗೆ ಮೂಗೊತ್ತಿ ಪೂರ್ತಿ ಕೆಲಸ ನೋಡಿದರು. ಹಳೇ ಟೈರಿನೊಳಗೆ ಸದ್ದು ತಡೆಯಲು ಅಂಟಿಸಿದ್ದ ಸ್ಪಂಜು ಕಂಡು ಅವರಿಗೆ ಮಾತೇ ಹೊರಡಲಿಲ್ಲ. ಮನೆಗೆ ಬಂದಾಗ ಅತ್ತೆ, ಕಾರು ಹಳೆಯದಾದರೂ ಚಕ್ರ ಹೊಸದಲ್ಲವೇ ಎಂದು ನಾಲ್ಕು ನಿಂಬೆಹಣ್ಣು ಹಿಡಿದು ನಿಂತಿದ್ದರು.

ಇಷ್ಟಾದರೂ ಚಕ್ರಕ್ಕೆ ಸುತ್ತುವ ಚೈನ್ ಬೇಕು. ಸಿಯೆರಾ ನೆವಾಡಾ ಬೆಟ್ಟದ ರಸ್ತೆಗಳಲ್ಲಿ ಹಿಮ ಬಿದ್ದಾಗ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ನವರು ಆರ್1, ಆರ್2, ಆರ್3 ಎಂದು ಮೂರು ಮಟ್ಟದ ನಿಯಮ ಹಾಕುತ್ತಾರೆ. ಆರ್2 ಇದ್ದಾಗಲೂ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರು, ನಾಲ್ಕಕ್ಕೂ ಹಿಮಕ್ಕೆ ಒಗ್ಗುವ ಟೈರು ಇದ್ದರೆ ಚೈನ್ ಹಾಕದೆ ಹೋಗಬಹುದು. ಆದರೆ ಡಿಕ್ಕಿಯಲ್ಲಿ ಚೈನ್ ಇರಲೇಬೇಕು. ಆರ್3 ಅಂದರೆ ಯಾರಿಗೂ ವಿನಾಯಿತಿಯಿಲ್ಲ. ಸಾಮಾನ್ಯವಾಗಿ ಅಲ್ಲಿಗೆ ಮುಟ್ಟುವ ಮೊದಲೇ ರಸ್ತೆ ಮುಚ್ಚಿಬಿಡುತ್ತಾರೆ. ಮಾವನಿಗೆ ಈ ಶಿಸ್ತು ಬಹಳ ಹಿಡಿಸಿತು. ಚೈನಿನ ಪೆಟ್ಟಿಗೆ ಒಡೆದು, ಡ್ರೈವ್‌ವೇಯಲ್ಲಿ ಮಂಡಿಯೂರಿ, ಕೈಪಿಡಿ ಹೇಳಿದಂತೆ ಹಿಂದಿನ ಚಕ್ರಗಳಿಗೆ ಹಾಕಿ ಬಿಚ್ಚಿ ಅಭ್ಯಾಸ ಮಾಡಿದರು. ಬಳಸದ ಚೈನನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ ಎಂದು ಇವರು ಬೇಡುತ್ತಲೇ ಇದ್ದರು.

ಮಗಳು ನಾಲ್ಕನೇ ತರಗತಿ. ಇಲ್ಲಿ ಆ ವರ್ಷ ಕ್ಯಾಲಿಫೋರ್ನಿಯಾ ಚರಿತ್ರೆ ಕಲಿಸುತ್ತಾರೆ. ನಾವು ದಾಟಲಿರುವ ಡಾನರ್ ಕಣಿವೆಯ ಹತ್ತಿರ 1846ರ ಚಳಿಗಾಲದಲ್ಲಿ ಎತ್ತಿನ ಬಂಡಿಗಳಲ್ಲಿ ಬಂದ ವಲಸಿಗರ ತಂಡ ಹಿಮದಲ್ಲಿ ಸಿಕ್ಕಿಬಿದ್ದದ್ದು, ಅರ್ಧದಷ್ಟು ಜನ ಸತ್ತದ್ದು, ಉಳಿದವರಲ್ಲಿ ಕೆಲವರು ಹಸಿವಿಗೆ ಸತ್ತವರನ್ನೇ ತಿಂದದ್ದು, ಎಲ್ಲವನ್ನೂ ಅವಳು ಅಜ್ಜಿಗೆ ಊಟದ ಹೊತ್ತಲ್ಲಿ ಒಪ್ಪಿಸಿದಳು. ಅತ್ತೆ ಬಾಯಿಗೆ ಸೆರಗಿಟ್ಟುಕೊಂಡು ಎದ್ದುಹೋಗಿ ಹಿಟ್ಟು ಕಲಸಲು ಕೂತರು. ಎರಡು ದಿನದ ಪ್ರವಾಸಕ್ಕೆ ಚಪಾತಿ, ಪುಳಿಯೋಗರೆ, ಚಕ್ಕುಲಿ, ಮೊಸರನ್ನ, ಸಾಲದೆಂದು ಹತ್ತು ಪೌಂಡ್ ಅಕ್ಕಿ. ‘ನಮ್ಮ ಮನೆಯಲ್ಲಿ ಅಂಥದ್ದು ಆಗಬಾರದು’ ಎಂದರು.

ಐವರು, ಬುತ್ತಿ, ಚೈನು ಸೇರಿ ಕಾರು ಎರಡೂವರೆ ಟನ್ ಮುಟ್ಟಿತು. ಸಮುದ್ರ ಮಟ್ಟದಿಂದ 7,239 ಅಡಿ ಎತ್ತರದ ಡಾನರ್ ಸಮಿಟ್ ಏರಲಿಕ್ಕೇ ಹೆಚ್ಚುವರಿ 15 ಯೂನಿಟ್ ಕರೆಂಟು ಎಂದು ಇವರು ಲೆಕ್ಕ ಹಾಕಿ ಹೀಟರ್ ಕಡಿಮೆ ಮಾಡಿದರು. ಊರಿನ ಬಿಲ್ಲಿನ ಲೆಕ್ಕದಲ್ಲಿ ಎಷ್ಟಾಯಿತೆಂದು ಮಾವ ಮನಸ್ಸಿನಲ್ಲೇ ಗುಣಿಸಿದರು. ಇಳಿಯುವಾಗ ಬ್ಯಾಟರಿಗೆ ಸ್ವಲ್ಪ ವಾಪಸ್ ಬರುತ್ತದೆಂದು ಹೇಳಿದರೆ, ‘ಕೆಇಬಿಯವರು ಯಾವತ್ತಾದ್ರೂ ವಾಪಸ್ ಕೊಟ್ಟಿದ್ದು ಕೇಳಿದ್ದೀಯೇನಮ್ಮ?’ ಎಂದು ನನ್ನನ್ನು ಕೇಳಿದರು.

ರಸ್ತೆ ಒಣಗಿತ್ತು. ಆಕಾಶ ಫ್ರೀಮಾಂಟಿನಷ್ಟೇ ನೀಲಿ. ನಿಯಮದ ಫಲಕಗಳನ್ನು ಮಡಚಿ ಪಕ್ಕಕ್ಕೆ ತಿರುಗಿಸಿದ್ದರು. ತಡೆದು ಟೈರ್ ನೋಡುವವರು ಒಬ್ಬರೂ ಇಲ್ಲ. ಮಾವ ಚೈನಿನ ರಸೀದಿ ಜೇಬಿನಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಕಾದರು. ಕೊನೆಗೆ ಹಿಮ ಸಿಕ್ಕಿದ್ದು ಪಾರ್ಕಿಂಗ್ ಜಾಗದ ಅಂಚಿನಲ್ಲಿ ಯಂತ್ರ ತಳ್ಳಿಟ್ಟ ಬೂದು ಬಣ್ಣದ ರಾಶಿಯಲ್ಲಿ. ಅತ್ತೆ ಒಂದು ಬೆರಳು ತಾಗಿಸಿ, ಫೋಟೋ ತೆಗೆಸಿಕೊಂಡು, ‘ನಮ್ಮ ಫ್ರಿಜ್ಜಿನಲ್ಲೂ ಹೀಗೇ ಕಟ್ಟುತ್ತೆ’ ಎಂದು ಕಾರಿಗೆ ಹತ್ತಿದರು.

ಪೆಟ್ಟಿಗೆ ಒಡೆದಿದ್ದರಿಂದ ಚೈನನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಡ್ರೈವ್‌ವೇಯಲ್ಲಿ ಪಕ್ಕದ ತೆಲುಗರು, ಎದುರುಮನೆಯ ಗುಜರಾತಿಯವರು ಕಾರು ತಂದು ಸಾಲಾಗಿ ನಿಲ್ಲಿಸುತ್ತಾರೆ. ಅವರ ಮನೆಗಳಿಗೂ ಊರಿನಿಂದ ಹಿರಿಯರು ಬಂದಿದ್ದಾರೆ. ಮಾವ ಸ್ವೆಟರ್ ಮೇಲೆ ಮಫ್ಲರ್ ಸುತ್ತಿ ಒಬ್ಬೊಬ್ಬರಿಗೂ ಚೈನ್ ಹಾಕುವುದನ್ನು ಕನ್ನಡದಲ್ಲೇ ಕಲಿಸುತ್ತಾರೆ. ಹೋದ ವಾರ ತೆಲುಗರ ಹುಡುಗನೊಬ್ಬ ಚೈನನ್ನು ಮುಂದಿನ ಚಕ್ರಕ್ಕೆ ಹಾಕಿಬಿಟ್ಟ. ಅವನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು ಮೆಮೊ ಕೊಟ್ಟಿದ್ದಾರೆ.